ಅಂಬಾಸಿಡರ್ ಚೇಂಬರ್ ನಟ್‌ನಲ್ಲಿ ಆಯಿಲ್ ಲೀಕ್: ಬಿಗಿ ಮಾಡಿದರೂ ನಿಲ್ಲುತ್ತಿಲ್ಲ ಯಾಕೆ?

ಪ್ರಶ್ನೆ (ಕಾರಿನ ಮಾಲೀಕರು, ದಾವಣಗೆರೆ): ನಮಸ್ಕಾರ ಸರ್. 1976ರ ಅಂಬಾಸಿಡರ್ ಮಾರ್ಕ್ 3, 1489 ಸಿಸಿ ಪೆಟ್ರೋಲ್ ಎಂಜಿನ್. ಹೋದ ಸಲ ಆಯಿಲ್ ಬದಲಿಸಿದಾಗಿನಿಂದ ಚೇಂಬರ್ ನಟ್ (ಎಂಜಿನ್ ತಳದ ಆಯಿಲ್ ತೊಟ್ಟಿಯಿಂದ ಹಳೆ ಆಯಿಲ್ ಬಸಿಯಲು ಬಿಚ್ಚುವ ನಟ್) ಹತ್ತಿರ ತೊಟ್ಟಿಕ್ಕುತ್ತಿದೆ. ಮತ್ತೆ ಬಿಗಿ ಮಾಡಿಸಿದ್ದಾಯಿತು, ಟೆಫ್ಲಾನ್ ಟೇಪ್ ಸುತ್ತಿಸಿದ್ದೂ ಆಯಿತು. ಬೆಳಗ್ಗೆ ಶೆಡ್ಡಿನ ನೆಲದ ಮೇಲೆ ಅಂಗೈ ಅಗಲದ ಕಲೆ. ಹೊಸ ಚೇಂಬರ್ ಹಾಕಿಸಬೇಕಾ?

ಉತ್ತರ (ಎಂಜಿನ್ ಮೆಕ್ಯಾನಿಕ್, ಚಿತ್ರದುರ್ಗ): ಈಗಲೇ ಚೇಂಬರ್ ಮಾತು ಬೇಡ ಸರ್. ಇನ್ನೊಮ್ಮೆ ಬಿಗಿ ಮಾಡಿಸುವುದಂತೂ ಬೇಡವೇ ಬೇಡ. ಈ ನಟ್ಟಿನ ಥ್ರೆಡ್ ಆಯಿಲ್ ತಡೆಯುವುದಿಲ್ಲ. ತಡೆಯುವುದು ನಟ್ಟಿನ ತಲೆ ಮತ್ತು ಚೇಂಬರಿನ ನಡುವೆ ಕೂರುವ ತಾಮ್ರದ ವಾಶರ್. ವಾಶರ್ ಸರಿ ಕೂರದಿದ್ದರೆ ಎಷ್ಟು ಬಿಗಿ ಮಾಡಿದರೂ ಥ್ರೆಡ್ ಹಾಳಾಗುತ್ತದೆಯೇ ಹೊರತು ಲೀಕ್ ನಿಲ್ಲುವುದಿಲ್ಲ. ಟೇಪನ್ನೂ ತೆಗೆಯಿರಿ. ಅದರ ಚೂರು ಒಳಗೆ ಹೋದರೆ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಮೊದಲು, ಸೋರುತ್ತಿರುವುದು ನಟ್ಟೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಚೇಂಬರ್ ಎಂಜಿನ್ನಿನ ತಳ, ಮೇಲೆ ಎಲ್ಲಿ ಸೋರಿದರೂ ಹರಿದು ಬಂದು ಅಲ್ಲೇ ಹನಿಯುತ್ತದೆ. ರಾಕರ್ ಕವರ್ ಪ್ಯಾಕಿಂಗ್, ಪಕ್ಕದ ಟ್ಯಾಪೆಟ್ ಕವರ್, ಚೇಂಬರ್ ಪ್ಯಾಕಿಂಗಿನ ಮೂಲೆ, ಎಲ್ಲವೂ ನೋಡಬೇಕಾದ ಜಾಗಗಳೇ. ಜೊತೆಗೆ, ಈ ಎಂಜಿನ್ನಿನ ಕ್ರ್ಯಾಂಕ್ (ತಿರುಗುವ ಮುಖ್ಯ ದಂಡ) ಹಿಂಭಾಗಕ್ಕೆ ರಬ್ಬರ್ ಸೀಲ್ ಇಲ್ಲ. ಆಯಿಲನ್ನು ಒಳಕ್ಕೆ ವಾಪಸ್ ತಳ್ಳುವ ಸುರುಳಿ ಗೀರು ಮಾತ್ರ ಇದೆ. ಹಾಗಾಗಿ ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ಸ್ವಲ್ಪ ಜಿನುಗುವುದು ಮಾಮೂಲು.

ಚೇಂಬರಿನ ತಳವನ್ನು ಸೀಮೆಎಣ್ಣೆ ಹಾಕಿ ಬ್ರಶ್‌ನಿಂದ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಟಾಲ್ಕಮ್ ಪೌಡರ್ ಉದುರಿಸಿ, ಎಂಜಿನ್ 15 ನಿಮಿಷ ಓಡಿಸಿ, ಟಾರ್ಚ್ ಹಿಡಿದು ನೋಡಿ. ಪೌಡರ್ ಮೇಲೆ ಆಯಿಲಿನ ದಾರಿ ಗೆರೆಯಾಗಿ ಕಾಣುತ್ತದೆ. ಇನ್ನೊಂದು ಗುರುತು: ನಟ್ ಯಾವಾಗಲೂ ಆಯಿಲ್ ಮಟ್ಟದ ಕೆಳಗೇ ಇರುತ್ತದೆ, ಆದ್ದರಿಂದ ಅಲ್ಲಿನ ಲೀಕ್ ಗಾಡಿ ನಿಂತರೂ ರಾತ್ರಿಯಿಡೀ ಮುಂದುವರಿಯುತ್ತದೆ. ಎಂಜಿನ್ ಆರಿಸಿ ಒಂದರ್ಧ ಗಂಟೆ ಹನಿದು ನಿಂತುಹೋದರೆ ಮೂಲ ಮೇಲೆಲ್ಲೋ ಇದೆ.

ಪ್ರಶ್ನೆ: ಪೌಡರ್ ಹಾಕಿ ನೋಡಿದೆ ಸರ್. ನಟ್ಟಿನ ಸುತ್ತ ಮಾತ್ರ ಒದ್ದೆ, ಮೇಲೆಲ್ಲ ಒಣಗಿದೆ. ಮುಂದೆ?

ಉತ್ತರ (ಮೆಕ್ಯಾನಿಕ್): ಹಾಗಿದ್ದರೆ ಬಿಚ್ಚಿ. ಬರೀ ಜಾಕ್ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟು ಹಿಂದಿನ ಚಕ್ರಕ್ಕೆ ಕಲ್ಲು ಇಡಿ. ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬೇಡ. ಆಯಿಲ್ ಸುಮಾರು ನಾಲ್ಕು ಲೀಟರ್ ಬರುತ್ತದೆ, ಆರು ಲೀಟರ್ ಹಿಡಿಯುವ ಟ್ರೇ ಇಡಿ. ಸರಿಯಾದ ಅಳತೆಯ ರಿಂಗ್ ಪಾನಾ ಬಳಸಿ. ಪೈಪ್ ರೆಂಚ್ ಹಾಕಿದರೆ ತಲೆಯ ಮೂಲೆಗಳು ಉರುಟಾಗುತ್ತವೆ.

ಹಳೆ ವಾಶರ್ ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಎರಡೂ ಮುಖದಲ್ಲಿ ಒತ್ತಿದ ಗುರುತು ಒಂದೇ ಸಮನೆ ಪೂರ್ತಿ ಸುತ್ತಿರಬೇಕು. ಗುರುತು ಒಂದು ಕಡೆ ಕಡಿದಿದ್ದರೆ ಆಯಿಲ್ ಬರುತ್ತಿರುವುದು ಅಲ್ಲಿಂದಲೇ. ಕೆಲವೊಮ್ಮೆ ಒಂದರ ಮೇಲೊಂದು ಎರಡು ವಾಶರ್ ಇರುತ್ತವೆ, ಅಂದರೆ ಹಿಂದೆ ಯಾರೋ ಹಳೆಯದನ್ನು ಕೀಳದೆ ಹೊಸದು ಸೇರಿಸಿದ್ದಾರೆ. ಚೇಂಬರಿಗೇ ಕಚ್ಚಿಕೊಂಡಿದ್ದರೆ ಉಗುರಿನಿಂದ ಸುತ್ತ ಕೆರೆದು ನೋಡಿದರೆ ತಿಳಿಯುತ್ತದೆ.

ನಟ್ಟಿನ ತಲೆಯ ಅಡಿಗೆ ಮಾರ್ಕರ್ ಬಳಿದು, ವಾಶರ್ ಇಲ್ಲದೆ ಕೈಯಲ್ಲೇ ತಿರುಗಿಸಿ ಕೂರಿಸಿ, ಸ್ವಲ್ಪ ಹಿಂದೆ ಮುಂದೆ ಆಡಿಸಿ ಬಿಚ್ಚಿ. ಮಸಿ ಸುತ್ತಲೂ ಉಜ್ಜಿಹೋಗಿದ್ದರೆ ಮುಖ ಸಮ ಇದೆ. ಒಂದು ಪಕ್ಕ ಮಾತ್ರ ಉಜ್ಜಿದ್ದರೆ ಓರೆ. ನಟ್ಟಿನ ಮುಖ ಓರೆ ಇದ್ದರೆ ಲೇತ್‌ನಲ್ಲಿ ಒಂದು ಕಟ್ ಸಾಕು. ಚೇಂಬರಿನ ಮುಖದಲ್ಲಿ ಗೀರು ಮಾತ್ರ ಇದ್ದರೆ ಎಣ್ಣೆಕಲ್ಲಿನಿಂದ ಸಮ ಮಾಡಿ. ಅದಕ್ಕೂ ಮೊದಲು ಎಣ್ಣೆ ಬಟ್ಟೆಯನ್ನು ತೂತಿಗೆ ತುರುಕಿ, ಪುಡಿ ಒಳಗೆ ಹೋಗಬಾರದು.

ಎರಡೂ ಮುಖ ಚೆನ್ನಾಗಿದ್ದರೆ ಹೊಸ ತಾಮ್ರದ ವಾಶರ್ ಸಾಕು. ಒಂದು ಸಲ ಒತ್ತಿಸಿಕೊಂಡ ತಾಮ್ರ ಗಟ್ಟಿಯಾಗುತ್ತದೆ, ಮತ್ತೆ ಮುಖಕ್ಕೆ ಹೊಂದಿಕೊಳ್ಳುವುದಿಲ್ಲ. ಹೊಸದು ಸಿಗದಿದ್ದರೆ ಹಳೆಯದನ್ನೇ ತಂತಿಗೆ ಕಟ್ಟಿ ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಕಬ್ಬಿಣದ ಹಾಗಲ್ಲ, ನೀರಿಗೆ ಹಾಕಿದರೂ ಮೆದುವಾಗಿಯೇ ಇರುತ್ತದೆ. ಕಪ್ಪು ಪೊರೆಯನ್ನು ನುಣುಪಾದ ಎಮರಿಯಲ್ಲಿ ಉಜ್ಜಿ ಹಾಕಿ.

ಕೂರಿಸುವಾಗ ಕೊನೆಯವರೆಗೂ ಬೆರಳಲ್ಲೇ ತಿರುಗಬೇಕು. ಆಮೇಲೆ ಪಾನಾದಲ್ಲಿ ಸುಮಾರು ಕಾಲು ಸುತ್ತು. ಟಾರ್ಕ್ ರೆಂಚ್ ಇದ್ದರೆ 30ರಿಂದ 35 ನ್ಯೂಟನ್ ಮೀಟರ್, ಈ ಹಳೆ ತಗಡಿನ ಚೇಂಬರಿಗೆ ಅದಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಬಿಚ್ಚಿದೆ ಸರ್. ವಾಶರ್ ಒಂದೇ ಇದೆ, ಗುರುತೂ ಪೂರ್ತಿ ಇದೆ. ಆದರೆ ನಟ್ ಬೆರಳಲ್ಲಿ ಎರಡು ಮೂರು ಸುತ್ತು ಸಡಿಲವಾಗಿ ಹೋಗಿ, ಆಮೇಲೆ ಹಿಡಿಯುತ್ತದೆ.

ಉತ್ತರ (ಲೇತ್ ಕೆಲಸದವರು, ಹರಿಹರ): ಅದು ಬೇರೆ ಗಾಡಿಯ ನಟ್ ಇರಬೇಕು ಅಣ್ಣ. ಅಂಬಾಸಿಡರಿನದು ಬ್ರಿಟಿಷ್ ಬಿಎಂಸಿ ಕಂಪನಿಯ ಎಂಜಿನ್, ಆ ಹಳೆ ಚೇಂಬರಿನಲ್ಲಿ ಸಾಮಾನ್ಯವಾಗಿ 5/8 ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆಯ) ಥ್ರೆಡ್, ಅಂದರೆ ಹೊರ ಅಳತೆ 22.9 ಎಂಎಂ, ಇಂಚಿಗೆ 14 ಸುತ್ತು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 22 ಎಂಎಂ, 1.5 ಎಂಎಂ ಪಿಚ್ (ಒಂದು ಹಲ್ಲಿನಿಂದ ಇನ್ನೊಂದಕ್ಕೆ ಇರುವ ದೂರ). ಕಣ್ಣಿಗೆ ಒಂದೇ ಥರ ಕಾಣುತ್ತವೆ. ಆದರೆ 14 ಸುತ್ತಿನ ಪಿಚ್ 1.81 ಎಂಎಂ. ಪ್ರತಿ ಸುತ್ತಿಗೂ 0.3 ಎಂಎಂ ವ್ಯತ್ಯಾಸ ಕೂಡುತ್ತಾ ಹೋಗಿ ನಾಲ್ಕನೇ ಸುತ್ತಿನ ಹೊತ್ತಿಗೆ ಹಲ್ಲಿನ ಮೇಲೆ ಹಲ್ಲು ಕೂರುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ, ವಾಶರಿಗೆ ಸಾಕಷ್ಟು ಒತ್ತಡ ಬಿದ್ದಿರುವುದಿಲ್ಲ.

ಬೋರ್‌ವೆಲ್ ಪೈಪಿನ ಅರ್ಧ ಇಂಚಿನ ಪ್ಲಗ್ಗನ್ನೂ ಹಾಕಬೇಡಿ. ಅದಕ್ಕೂ 14 ಸುತ್ತೇ ಇದೆ, ಆದರೆ ಗಾತ್ರ ಸುಮಾರು 21 ಎಂಎಂ, ಹಲ್ಲು ತುದಿಯಲ್ಲಷ್ಟೇ ಹಿಡಿಯುತ್ತದೆ.

ಪಿಚ್ ಗೇಜ್ ಮತ್ತು ವರ್ನಿಯರ್ ಇಟ್ಟು ನಟ್ ನೋಡಿ. ತೂತಿನ ಥ್ರೆಡ್ ಪೂರ್ತಿ ಹೋಗಿರದಿದ್ದರೆ 5/8 ಬಿಎಸ್‌ಪಿ ಟ್ಯಾಪಿಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಗ್ರೀಸ್ ಹಚ್ಚಿ ಕೈಯಲ್ಲಿ ಓಡಿಸಿದರೆ ಸರಿಯಾಗುತ್ತದೆ, ಪುಡಿ ಗ್ರೀಸಿಗೆ ಅಂಟಿ ಬರುತ್ತದೆ. ಆಮೇಲೆ ಅರ್ಧ ಲೀಟರ್ ಆಯಿಲ್ ಮೇಲಿಂದ ಸುರಿದು ತೂತಿನಿಂದ ಹರಿಯಲು ಬಿಡಿ. ನಟ್ಟನ್ನು ಯಾವ ಲೇತ್‌ನಲ್ಲಾದರೂ ಮಾಡಿಕೊಡುತ್ತಾರೆ. ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಲ್ಲಿ ಇಂಚಿನ ಥ್ರೆಡ್ ಹಾಕುವುದು ದಿನದ ಕೆಲಸ.

ಪ್ರಶ್ನೆ: ಥ್ರೆಡ್ ಪೂರ್ತಿ ಹೋಗಿದ್ದರೆ ಎಂ-ಸೀಲ್ ಹಚ್ಚಬಹುದಾ?

ಉತ್ತರ (ಮೆಕ್ಯಾನಿಕ್): ಬೇಡ. ಬಿಸಿ ಆಯಿಲು, ಅದುರುವಿಕೆ, ಎರಡಕ್ಕೂ ಅದು ಬಹಳ ದಿನ ನಿಲ್ಲುವುದಿಲ್ಲ. ಓಡುವಾಗ ನಟ್ ಬಿದ್ದರೆ ಎಂಜಿನ್ನೇ ಹೋಯಿತು. ಚೇಂಬರ್ ಇಳಿಸಿ ಹೊಸ ಬುಶ್ (ಒಳಗೆ ಥ್ರೆಡ್ ಇರುವ ಬಳೆ) ಮಾಡಿಸಿ, ಅದನ್ನು ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ. ಬೆಸುಗೆಗೆ ಮುಂಚೆ ಆಯಿಲ್, ಸೀಮೆಎಣ್ಣೆ ಎರಡರ ಪಸೆಯೂ ಇರದ ಹಾಗೆ ಸೋಪಿನ ಬಿಸಿನೀರಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಬೆಂಕಿ ಹತ್ತುತ್ತದೆ. ತಣ್ಣಗಾದ ಮೇಲೆ ಬೆಸುಗೆಯ ಹೊರಗೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಕಣ್ಣಿಗೆ ಕಾಣದ ಬಿರುಕಿದ್ದರೂ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಆಮೇಲೆ ಹೊಸ ಪ್ಯಾಕಿಂಗ್ ಇಟ್ಟು ಏರಿಸಿ.

ಪ್ರಶ್ನೆ (ಇನ್ನೊಬ್ಬರು, ಚಿತ್ರದುರ್ಗ): ನಮ್ಮದು ಪ್ರೀಮಿಯರ್ ಪದ್ಮಿನಿ. ಅದಕ್ಕೂ ಇದೇ ವಾಶರ್ ಆಗುತ್ತಾ?

ಉತ್ತರ (ಮೆಕ್ಯಾನಿಕ್): ಮೊದಲು ನಟ್ಟಿನ ಥ್ರೆಡ್ಡನ್ನು ತಲೆಯ ಹತ್ತಿರ ಒಮ್ಮೆ, ತುದಿಯಲ್ಲಿ ಒಮ್ಮೆ ಅಳೆಯಿರಿ. ತುದಿಗೆ ಸಣ್ಣದಾಗುತ್ತಾ ಹೋಗಿದ್ದರೆ ಅದು ಟೇಪರ್, ಅಲ್ಲಿ ಥ್ರೆಡ್ಡೇ ಆಯಿಲ್ ತಡೆಯುವುದು, ವಾಶರ್ ಹಾಕಬಾರದು. ಟೇಪರ್ ನಟ್ ಬೆಣೆಯ ಹಾಗೆ ತೂತನ್ನು ಅಗಲಿಸುತ್ತದೆ. ಹಿಡಿತ ಬಂದ ಕೂಡಲೇ ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ ಒಮ್ಮೆ ನೋಡಿ, ಜಿನುಗಿದರೆ ಮಾತ್ರ ಇನ್ನೊಂದು ಚೂರು ತಿರುಗಿಸಿ.