ಎತ್ತರಿಸಿದ ಜಿಮ್ನಿಯಲ್ಲಿ ಆಕ್ಸಲ್ ಇಳಿಕೆಗೆ ಎಲ್ಲಿ, ಎಷ್ಟು ಮಿತಿ ಹಾಕಬೇಕು?

ತೋಟದ ಜಿಮ್ನಿ:

ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದ ಓಡಾಟಕ್ಕೆಂದು 2023ರಲ್ಲಿ ಕೊಂಡ ಐದು ಬಾಗಿಲಿನ ಜಿಮ್ನಿಗೆ ಕಳೆದ ಬೇಸಿಗೆಯಲ್ಲಿ 50 ಮಿ.ಮೀ. ಎತ್ತರಿಸುವ ಸ್ಪ್ರಿಂಗ್‌ಗಳನ್ನೂ ಅವುಗಳ ಜೊತೆಗೆ ಬರುವ ಉದ್ದನೆಯ ಶಾಕ್ ಅಬ್ಸಾರ್ಬರ್‌ಗಳನ್ನೂ ಹಾಕಿಸಿದೆ. ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಮುಂದಿನ ಸ್ವೇ ಬಾರನ್ನು ತೋಟದೊಳಗೆ ಓಡಿಸುವಾಗ ಕಳಚಿಡುತ್ತೇನೆ. ಮಳೆಗಾಲದಲ್ಲಿ ತೋಟದ ದಾರಿಗೆ ಅಡ್ಡಲಾಗಿ ಕೊರೆದುಕೊಂಡ ಚರಂಡಿಯನ್ನು ಓರೆಯಾಗಿ ದಾಟುವಾಗ, ಒಂದು ಚಕ್ರ ಕೆಳಗೆ ಜೋತುಬಿದ್ದ ಕೂಡಲೇ ‘ಢಕ್’ ಎಂಬ ಶಬ್ದ ಬರುತ್ತದೆ. ಮೊನ್ನೆ ಅದೇ ಸ್ಥಿತಿಯಲ್ಲಿ ಗಾಡಿ ನಿಲ್ಲಿಸಿ ಇಣುಕಿ ನೋಡಿದರೆ ಮುಂದಿನ ಬ್ರೇಕ್ ಹೋಸು ತಂತಿಯಂತೆ ಬಿಗಿದುಕೊಂಡಿತ್ತು. ಹಿಂದಿನ ಸ್ಪ್ರಿಂಗು ತನ್ನ ಮೇಲಿನ ಬಟ್ಟಲಿನಿಂದ ಬೆರಳು ತೂರುವಷ್ಟು ಕಳಚಿ ನಿಂತಿತ್ತು. ಕೆಲಸ ಮಾಡಿದ ವರ್ಕ್‌ಶಾಪಿನವರು ಆಕ್ಸಲ್‌ನ ನಡುವೆ ಒಂದು ಲಿಮಿಟ್ ಸ್ಟ್ರ್ಯಾಪ್, ಎಂದರೆ ಇಳಿಕೆಗೆ ಮಿತಿ ಹಾಕುವ ಪಟ್ಟಿ, ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಒಂದೇ ಪಟ್ಟಿ ಸಾಕೇ? ಅದರ ಉದ್ದವನ್ನು ನಿರ್ಧರಿಸುವುದು ಹೇಗೆ?

ಹಾಸನದ ಸ್ಪ್ಯಾನರ್:

ನೀವು ವಿವರಿಸಿದ ತೊಂದರೆಗೆ ನಡುವಿನ ಪಟ್ಟಿಯಿಂದ ಪ್ರಯೋಜನವಿಲ್ಲ. ಜಿಮ್ನಿಯ ಎರಡೂ ಆಕ್ಸಲ್‌ಗಳು ಎಡಬಲ ಚಕ್ರಗಳನ್ನು ಜೋಡಿಸುವ ಇಡಿಯಾದ ತೊಲೆಗಳಿದ್ದಂತೆ. ಒಂದು ಚಕ್ರ ಹಳ್ಳಕ್ಕಿಳಿದು ಇನ್ನೊಂದು ದಿಣ್ಣೆಯೇರಿದಾಗ ಆಕ್ಸಲ್ ಏತದ ಮರದ ಹಾಗೆ ವಾಲುತ್ತದೆಯೇ ಹೊರತು ಅದರ ನಡುಭಾಗ ಚಾಸಿಯಿಂದ (ಗಾಡಿಯ ಚೌಕಟ್ಟಿನಿಂದ) ಹೆಚ್ಚೇನೂ ದೂರ ಸರಿಯುವುದಿಲ್ಲ. ಆದ್ದರಿಂದ ಅಲ್ಲಿ ಕಟ್ಟಿದ ಪಟ್ಟಿ ಸಡಿಲವಾಗಿಯೇ ಇರುತ್ತದೆ, ನಿಮ್ಮ ಹೋಸು ಮಾತ್ರ ಎಂದಿನಂತೆ ಎಳೆಯುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ನೆಲ ಬಿಡುವ ಸಂದರ್ಭಕ್ಕೆ, ಎಂದರೆ ಗಾಡಿ ಹಾರಿಸುವವರಿಗೆ, ನಡುಪಟ್ಟಿ ಸರಿ. ನಿಮಗೆ ಬೇಕಾದದ್ದು ಶಾಕ್‌ಗಳ ಪಕ್ಕದಲ್ಲಿ ತುದಿಗೊಂದರಂತೆ ಎರಡು ಪಟ್ಟಿಗಳು.

ಆದರೆ ಪಟ್ಟಿ ತರಿಸುವ ಮೊದಲು ಅಳತೆಯಾಗಬೇಕು. ಸಮತಟ್ಟಾದ ನೆಲದಲ್ಲಿ ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಆಕ್ಸಲ್‌ಗೆ ಜಾಕಿನ ಆಸರೆ ಕೊಟ್ಟು ಸ್ಪ್ರಿಂಗ್‌ಗಳನ್ನು ಹೊರತೆಗೆಯಿರಿ. ಶಾಕ್‌ಗಳನ್ನು ಮಾತ್ರ ಉಳಿಸಿಕೊಂಡು ಆಕ್ಸಲನ್ನು ನಿಧಾನವಾಗಿ ಇಳಿಸುತ್ತಾ ಹೋದರೆ ಯಾವುದು ಮೊದಲು ಬಿಗಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೋಸನ್ನಷ್ಟೇ ನೋಡಿದರೆ ಸಾಲದು. ಎಬಿಎಸ್ ಸೆನ್ಸರಿನ ವೈರು ಮತ್ತು ಆಕ್ಸಲ್‌ನ ಉಸಿರುಕೊಳವೆಯನ್ನೂ ನೋಡಬೇಕು. ಮುಂದುಗಡೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡದೆ ಇದ್ದರೆ ಅಳತೆ ಸುಳ್ಳಾಗುತ್ತದೆ, ಏಕೆಂದರೆ ಹೋಸು ಅತಿ ಹೆಚ್ಚು ಎಳೆಯುವುದು ಆ ತುದಿಯಲ್ಲೇ. ಎಂಜಿನ್ನಿನ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಅದರ ತುದಿಯ ಕೀಲಾದ ಯುಜೆ ಕ್ರಾಸ್ ಎಲ್ಲಾದರೂ ಕಚ್ಚುತ್ತದೆಯೇ ಎಂದು ಪರೀಕ್ಷಿಸಿ. ಬಳಿಕ ಒಂದು ಪಕ್ಕವನ್ನು ಮಾತ್ರ ಎತ್ತಿ, ಇನ್ನೊಂದನ್ನು ಇಳಿಸಿ ಇದನ್ನೆಲ್ಲ ಮತ್ತೊಮ್ಮೆ ಮಾಡಬೇಕು. ಶಾಕ್‌ಗಳು ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಆಕ್ಸಲ್ ವಾಲಿದಾಗ ಚಕ್ರ ಸರಿದಷ್ಟು ಶಾಕ್ ತೆರೆಯುವುದಿಲ್ಲ. ಹಾಗಾಗಿ ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಟೇಪು ಹಿಡಿಯದೆ ಶಾಕ್‌ನ ಎರಡು ಕಣ್ಣುಗಳ, ಎಂದರೆ ತುದಿಗಳಲ್ಲಿ ಬೋಲ್ಟ್ ಹಿಡಿಯುವ ಜೋಡಣೆಗಳ, ನಡುವಿನ ಉದ್ದವನ್ನೇ ಬರೆದಿಟ್ಟುಕೊಳ್ಳಿ.

ಆ ‘ಢಕ್’ ಶಬ್ದ ಬಹುತೇಕ ಶಾಕ್ ಪೂರ್ತಿ ತೆರೆದು ತನ್ನೊಳಗೇ ಬಡಿಯುವ ಸದ್ದು. ಚಲನೆಯನ್ನು ಪಳಗಿಸಲು ಮಾಡಿದ ವಸ್ತುವಿನ ಮೇಲೆ ಜೋತುಬಿದ್ದ ಆಕ್ಸಲ್, ಚಕ್ರಗಳ ಭಾರವನ್ನೆಲ್ಲ ಹೇರಿದರೆ ಮೊದಲು ಕಣ್ಣಿನೊಳಗಿನ ರಬ್ಬರು ಬುಷ್ ಹರಿಯುತ್ತದೆ, ನಂತರ ಕಣ್ಣೇ ಕಿತ್ತುಬರುತ್ತದೆ. ಶಾಕ್ ಕೊನೆ ಮುಟ್ಟುವುದಕ್ಕೆ 12ರಿಂದ 25 ಮಿ.ಮೀ. ಮೊದಲೇ ಪಟ್ಟಿ ಬಿಗಿಯಬೇಕು. ಪಟ್ಟಿಯೂ ಭಾರಕ್ಕೆ ಹಿಗ್ಗುತ್ತದೆ ಎಂಬುದು ನೆನಪಿರಲಿ. ನೈಲಾನಿನದ್ದಾದರೆ ಅದರ ಉದ್ದದ ಹತ್ತನೆಯ ಒಂದು ಪಾಲಿನ ಹತ್ತಿರ ಹಿಗ್ಗಬಹುದು, ಪದರಗಳು ಹೆಚ್ಚಿದ್ದಷ್ಟೂ ಹಿಗ್ಗು ಕಡಿಮೆ. ಮಿತಿಯ ಜಾಗದಲ್ಲಿ ಬ್ರಾಕೆಟ್‌ಗಳ ನಡುವೆ 330 ಮಿ.ಮೀ. ಬೇಕಿದ್ದರೆ 300 ಮಿ.ಮೀ. ಆಸುಪಾಸಿನ ಪಟ್ಟಿ ತರಿಸಿಕೊಳ್ಳುವುದು ಸರಿ. ಪಟ್ಟಿ ದುಬಾರಿಯೆಂದು ಉಕ್ಕಿನ ಹಗ್ಗ ಕಟ್ಟಿಸಿಕೊಂಡು ಬಂದ ಗಾಡಿಯೊಂದನ್ನು ನಾನೇ ರಿಪೇರಿ ಮಾಡಿದ್ದೇನೆ: ಹಗ್ಗಕ್ಕೆ ಏನೂ ಆಗಿರಲಿಲ್ಲ, ಬ್ರಾಕೆಟ್ಟು ಚಾಸಿಯ ತಗಡಿನ ಒಂದು ತುಂಡನ್ನೂ ಸೇರಿಸಿಕೊಂಡು ಕಿತ್ತುಬಂದಿತ್ತು.

ಹಳೇ ಜಿಪ್ಸಿ:

ಸ್ವಲ್ಪ ಬೇರೆ ಅಭಿಪ್ರಾಯ. ನನ್ನ ಜಿಪ್ಸಿಯಲ್ಲಿ ಹಿಂದೆಮುಂದೆ ಎರಡೂ ಕಡೆ ಇರುವುದು ಉಕ್ಕಿನ ಪಟ್ಟೆಗಳನ್ನು ಪೇರಿಸಿದ ಲೀಫ್ ಸ್ಪ್ರಿಂಗು. ಆ ಪಟ್ಟೆಗಳೇ ಆಕ್ಸಲನ್ನು ಹಿಡಿದುಕೊಂಡಿರುವುದರಿಂದ ಇಂಥ ಲಿಮಿಟ್ ಪಟ್ಟಿಗಳ ಯೋಚನೆಯೇ ನಮಗೆ ಬಂದಿರಲಿಲ್ಲ, ಪಟ್ಟೆ ಬಾಗುವುದಕ್ಕಿಂತ ಶಾಕ್ ಉದ್ದವಿದ್ದರೆ ಅಷ್ಟೇ ಸಾಕಾಗುತ್ತಿತ್ತು. ತೋಟದ ಗಾಡಿ ಗಂಟೆಗೆ ಎಂಟು ಹತ್ತು ಕಿ.ಮೀ. ವೇಗದಲ್ಲಿ ಹೋಗುವಂಥದ್ದು, ಹಾರುವುದಿಲ್ಲ. ಚಕ್ರ ಇಳಿದು ನೆಲ ಹಿಡಿಯಲೆಂದೇ ಹಣ ಕೊಟ್ಟು ಎತ್ತರಿಸಿ, ಆಮೇಲೆ ಅದೇ ಚಕ್ರವನ್ನು ಕಟ್ಟಿಹಾಕುವುದು ನನಗೆ ಒಪ್ಪಿಗೆಯಾಗದು. ಉದ್ದದ ಬ್ರೇಕ್ ಹೋಸು ಹಾಕಿಸಿ, ಸ್ಪ್ರಿಂಗಿನ ಒಂದು ತುದಿಗೆ ಕ್ಲಾಂಪ್ ಹಾಕಿಸಿ, ಅದು ಇಳಿಯುವಷ್ಟು ಇಳಿಯಲಿ.

ಇನ್ನೊಂದು ಮಾತು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯಿದೆ. ಚಾಸಿಗೆ ಬೆಸುಗೆ ಹಾಕಿಸುವ ಮುನ್ನ ಅದನ್ನೂ, ವಿಮೆಯನ್ನೂ ಯೋಚಿಸುವುದು ಒಳ್ಳೆಯದು.

ಹಾಸನದ ಸ್ಪ್ಯಾನರ್:

ಹೋಸಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ, ಅದು ಮೊದಲ ಕೆಲಸ. ಆದರೆ ಹೋಸು ಉದ್ದವಾದ ಮೇಲೂ ಕೊನೆಯಲ್ಲಿ ಆಕ್ಸಲನ್ನು ತಡೆಯುವುದು ಶಾಕ್ ಒಂದೇ ಆಗುತ್ತದೆ, ಮತ್ತು ಸಡಿಲವಾಗಿ ನೇತಾಡುವ ಸ್ಪ್ರಿಂಗು ಆ ಕೊನೆಯ ಎರಡು ಸೆಂಟಿಮೀಟರಿನಲ್ಲಿ ಚಕ್ರವನ್ನು ನೆಲಕ್ಕೆ ಒತ್ತುವುದಿಲ್ಲ. ಹಿಡಿತ ಕೊಡದ ಆ ಇಳಿಕೆಯನ್ನು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ಅತಿ ಸ್ವಲ್ಪ. ಬೆಸುಗೆಯ ಬಗ್ಗೆ ನೀವು ಎಚ್ಚರಿಸಿದ್ದು ಒಳ್ಳೆಯದಾಯಿತು. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ ಕೂರಿಸುವ ಬ್ರಾಕೆಟ್ಟನ್ನೇ ನಾನು ಸೂಚಿಸುತ್ತೇನೆ.

ತೋಟದವರಿಗೆ ಒಂದು ಮುಖ್ಯ ಮಾತು ಹೇಳುವುದನ್ನು ಮರೆತಿದ್ದೆ. ಸ್ಪ್ರಿಂಗು ಹೊರಗಿರುವಾಗಲೇ ಆಕ್ಸಲನ್ನು ಮೇಲಕ್ಕೂ ಎತ್ತಿ ನೋಡಿ. ಉದ್ದನೆಯ ಶಾಕ್ ತೆರೆದಾಗ ಉದ್ದವಿರುವಂತೆ ಮುಚ್ಚಿದಾಗಲೂ ಮೂಲದ್ದಕ್ಕಿಂತ ಉದ್ದವಿರುತ್ತದೆ. ಆಕ್ಸಲ್ ಮೇಲೇರುವುದಕ್ಕೆ ಮಿತಿ ಹಾಕುವ ರಬ್ಬರಾದ ಬಂಪ್ ಸ್ಟಾಪ್ ಹಳೆಯ ಜಾಗದಲ್ಲೇ ಇದ್ದರೆ, ರಬ್ಬರು ಭಾರ ಹೊರುವ ಮೊದಲು ಶಾಕ್ ಪೂರ್ತಿ ಮುಚ್ಚಿ ತಳ ಬಡಿಯುತ್ತದೆ. ಗಾಡಿ ಎತ್ತರಿಸಿದವರಲ್ಲಿ ಹೆಚ್ಚಿನವರು ಇಳಿಕೆಯನ್ನು ಮಾತ್ರ ನೋಡುತ್ತಾರೆ.

ಮರಳಿನ ಮೇಲೊಬ್ಬ:

ದುಬೈಯಲ್ಲಿದ್ದೇನೆ, ವಾರಾಂತ್ಯದಲ್ಲಿ ಮರಳು ದಿಬ್ಬಗಳಲ್ಲಿ ಓಡಿಸುತ್ತೇನೆ. ದಿಬ್ಬದ ನೆತ್ತಿ ದಾಟುವಾಗ ಮುಂದಿನ ಎರಡೂ ಚಕ್ರಗಳು ಒಟ್ಟಿಗೆ ಗಾಳಿಯಲ್ಲಿ ಜೋಲುವುದರಿಂದ ನನ್ನ ಗಾಡಿಗೆ ನಡುಪಟ್ಟಿಯೇ ಸರಿಹೋಗಿದೆ. ನಿಮ್ಮ ಕಡೆಯ ಕೆಸರಿಗೂ ಇಲ್ಲಿನ ಮರಳಿಗೂ ಸಮಾನವಾದ ಒಂದು ಮಾತಿದೆ: ಕಣಗಳು ನೇಯ್ಗೆಯೊಳಗೆ ಸೇರಿಕೊಂಡು ಪಟ್ಟಿಯನ್ನು ಒಳಗಿನಿಂದಲೇ ಸವೆಸುತ್ತವೆ. ತೊಳೆದು, ಮಡಿಸಿ, ಹೊಲಿಗೆಯ ಸಾಲನ್ನು ಬೆರಳಿನಿಂದ ಮುಟ್ಟಿ ನೋಡುತ್ತಿರಬೇಕು. ದಾರ ಎದ್ದಿದ್ದರೆ ಬದಲಿಸಬೇಕು.

ತೋಟದ ಜಿಮ್ನಿ:

ಭಾನುವಾರ ಪೂರ್ತಿ ಅಳತೆಯಲ್ಲೇ ಕಳೆಯಿತು, ಎಲ್ಲರಿಗೂ ವಂದನೆಗಳು. ಮುಂದಿನ ಶಾಕ್ ಪೂರ್ತಿ ತೆರೆದಾಗ 555 ಮಿ.ಮೀ.; ಸ್ಟಿಯರಿಂಗ್ ಎಡಕ್ಕೆ ಪೂರ್ತಿ ತಿರುಗಿದ್ದಾಗ ಬಲಗಡೆಯ ಹೋಸು 540ಕ್ಕೇ ಬಿಗಿಯಿತು. ಹಿಂದೆ ಶಾಕ್ 590ರವರೆಗೆ ತೆರೆಯುತ್ತದೆ, ಸ್ಪ್ರಿಂಗನ್ನು ಮರಳಿ ಕೂರಿಸಿ ನೋಡಿದರೆ ಅದು 570 ದಾಟಿದೊಡನೆ ಸಡಿಲವಾಗುತ್ತದೆ. ಹಾಗಾಗಿ ಹೋಸನ್ನು ಉದ್ದದ್ದಕ್ಕೆ ಬದಲಿಸಿ, ಪಟ್ಟಿಗಳು ಹಿಗ್ಗಿದ ಮೇಲೆ ಮುಂದೆ 540ಕ್ಕೂ ಹಿಂದೆ 570ಕ್ಕೂ ನಿಲ್ಲುವಂತೆ ತುದಿಗೊಂದರಂತೆ ಹಾಕಿಸಲು ತೀರ್ಮಾನಿಸಿದ್ದೇನೆ. ಪಟ್ಟಿ ಬರುವವರೆಗೆ ಅದೇ ಅಳತೆಗೆ ಲಾರಿಯ ಲೋಡು ಬಿಗಿಯುವ ಬೆಲ್ಟು ಕಟ್ಟಿ ಅಂಗಳದಲ್ಲೇ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ ನೋಡಿದೆ. ‘ಢಕ್’ ಶಬ್ದ ಬರಲಿಲ್ಲ.

ಆಕ್ಸಲನ್ನು ಮೇಲಕ್ಕೆತ್ತಿ ತೆಗೆದ ಅಳತೆ ಮಾತ್ರ ಎದೆ ಝಲ್ಲೆನಿಸಿತು. ಹಿಂದಿನ ಬಂಪ್ ಸ್ಟಾಪಿನ ರಬ್ಬರು ಆಕ್ಸಲ್‌ಗೆ ತಗುಲುವಾಗ ಶಾಕ್‌ನಲ್ಲಿ ಉಳಿದಿರುವುದು 18 ಮಿ.ಮೀ. ಮಾತ್ರ, ಆ ರಬ್ಬರೋ ಭಾರಕ್ಕೆ ಅದಕ್ಕಿಂತ ಹೆಚ್ಚೇ ಕುಗ್ಗುವಂತಿದೆ. ಅನುಮಾನ ಪರಿಹಾರಕ್ಕೆಂದು ಸ್ಪ್ರಿಂಗು ಹಾಕಿ, ಶಾಕ್‌ನ ಹೊಳೆಯುವ ಕಂಬಿಗೆ ಒಂದು ಕೇಬಲ್ ಟೈ ಬಿಗಿದು, ಗೊಬ್ಬರದ ನಾಲ್ಕು ಮೂಟೆ ಹೇರಿಕೊಂಡು ಅದೇ ಚರಂಡಿ ದಾಟಿ ಬಂದೆ. ಬಂದು ನೋಡಿದರೆ ಕೇಬಲ್ ಟೈ ಕಂಬಿಯ ಕೊನೆಯವರೆಗೂ ತಳ್ಳಿಕೊಂಡು ಹೋಗಿ ಅಲ್ಲೇ ಕೂತಿತ್ತು, ಎಂದರೆ ಶಾಕ್ ಪೂರ್ತಿ ಮುಚ್ಚಿತ್ತು. ಇಷ್ಟು ದಿನ ನಾನು ಇಳಿಕೆಯದ್ದೆಂದು ಎಣಿಸಿದ ಸದ್ದುಗಳಲ್ಲಿ ಕೆಲವಾದರೂ ಇದರದ್ದೇ ಇರಬೇಕು.

ಹಾಸನದ ಸ್ಪ್ಯಾನರ್:

ಬಂಪ್ ಸ್ಟಾಪಿನ ಕೆಳಗೆ 25 ಮಿ.ಮೀ. ಸ್ಪೇಸರ್ ಹಾಕಿ, ಅದೇ ಮೂಟೆಗಳೊಡನೆ ಅದೇ ಚರಂಡಿಯನ್ನು ಮತ್ತೆ ದಾಟಿ. ಕೇಬಲ್ ಟೈ ಕೊನೆಯಿಂದ ಕನಿಷ್ಠ ಹೆಬ್ಬೆರಳಿನ ಅಗಲದಷ್ಟು ಈಚೆಗೆ ನಿಂತರೆ ಪಟ್ಟಿಗಳಿಗೆ ಆರ್ಡರ್ ಕೊಡಿ. ಕೊನೆ ಮುಟ್ಟಿದರೆ ಸ್ಪೇಸರ್ ಇನ್ನೂ ದಪ್ಪವಾಗಬೇಕು. ಆ ಕೆಲಸ ಮುಗಿಯುವವರೆಗೆ ಗೊಬ್ಬರ ಟ್ರ್ಯಾಕ್ಟರಿನಲ್ಲಿ ಹೋಗಲಿ.