ಮಾತ್ರೆ ನೆನಪಿಸುವ ಆ್ಯಪ್ ಯಾರೂ ತೆರೆಯುತ್ತಿಲ್ಲ, ಎಲ್ಲಿ ಎಡವಿದೆ?

ಸಕಲೇಶಪುರದ ಹುಡುಗ:
ಬಿಪಿ, ಶುಗರ್ ಇರುವವರಿಗೆ ಮಾತ್ರೆ ನೆನಪಿಸುವ ಆ್ಯಪ್ ಮಾಡಿದ್ದೇನೆ. ಪೂರ್ತಿ ಕನ್ನಡದಲ್ಲೇ ಇದೆ. ಬೆಂಗಳೂರಿನ ಗೆಳೆಯರೆಲ್ಲ ಸೂಪರ್ ಅಂದರು. ಊರಿಗೆ ಬಂದು ಪಕ್ಕದ ತೋಟದ 12 ಜನರ ಫೋನಿಗೆ ಹಾಕಿಕೊಟ್ಟೆ, ತಿಂಗಳಾಯಿತು, ಈಗ ಅದನ್ನು ತೆರೆಯುವವರು ಇಬ್ಬರೇ, ಅದರಲ್ಲಿ ಒಬ್ಬರು ನಮ್ಮಪ್ಪ, ಅವರೂ ನನಗೆ ಬೇಜಾರಾಗದಿರಲಿ ಅಂತ. ಅಕ್ಷರ ದೊಡ್ಡದು ಮಾಡಿದೆ, ಬಣ್ಣ ಬದಲಿಸಿದೆ. ಇನ್ನೇನು ಮಾಡಲಿ?

ಮೂಡಿಗೆರೆ ಆಶಾ:
ಬಣ್ಣ ಬಿಡಿ ತಮ್ಮಾ, ಫೋನ್ ಯಾರ ಹತ್ತಿರ ಇರುತ್ತದೆ ಅಂತ ಕೇಳಿದ್ರಾ? ಆಶಾ ಕಾರ್ಯಕರ್ತೆಯಾಗಿ ನಾನು ಹೋಗುವ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೆ ಜಾಸ್ತಿ. ಮಾತ್ರೆ ಅಜ್ಜಿಯದು, ಅಲಾರಂ ಹೊಡೆಯುವುದು ಬೈಕಿನಲ್ಲಿ ಹೋಗುತ್ತಿರುವ ಮೊಮ್ಮಗನ ಜೇಬಿನಲ್ಲಿ. ಆಭಾ ಕಾರ್ಡ್ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಕಾರ್ಡ್) ಮಾಡಿಸುವಾಗಲೂ ಇದೇ ಗೋಳು. 14 ಅಂಕಿಯ ನಂಬರ್ ಆಮೇಲೆ, ಮೊದಲು ಓಟಿಪಿ ಬರಬೇಕಲ್ಲ, ಅದು ಆಧಾರ್‌ಗೆ ಕೊಟ್ಟ ಹಳೇ ಸಿಮ್‌ಗೆ ಹೋಗುತ್ತದೆ, ಆ ಸಿಮ್ ಎಲ್ಲಿದೆಯೋ ದೇವರಿಗೇ ಗೊತ್ತು.
ಒಬ್ಬರು ಅಜ್ಜಿ ಬೆಳಗಿನ ಮಾತ್ರೆಯನ್ನು ಕಾಫಿ ಪುಡಿ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಾರೆ. ರಾತ್ರಿಯದನ್ನು ಸ್ಟ್ರಿಪ್ಪಿನಿಂದ ಕತ್ತರಿಸಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ. ಒಂದು ದಿನವೂ ತಪ್ಪಿಲ್ಲ! ನಿಮ್ಮ ಆ್ಯಪ್ ಆ ಡಬ್ಬಿಗಿಂತ ಸುಲಭ ಇರಬೇಕು.

ತೋಟದ ರೈಟರ್, ಬಾಳೆಹೊನ್ನೂರು:
ಪ್ರತಿ ಸಲ ಲಾಗಿನ್ ಕೇಳುತ್ತದಾ? ಹಾಗಿದ್ದರೆ ಮುಗಿಯಿತು. ಮಳೆಗಾಲದಲ್ಲಿ ನಮಗೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಆ್ಯಪ್‌ನಲ್ಲಿ ಬರೆದದ್ದು ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನೇ ಅಪ್‌ಲೋಡ್ ಆಗಬೇಕು. ಕೀಪ್ಯಾಡ್ ಫೋನಿನವರಿಗೆ ಸುಮ್ನೆ ಒಂದು ಕಾಲ್ ಬಂದು ಕನ್ನಡದಲ್ಲಿ ಮಾತಾಡಿದರೆ ಸಾಕು.

ಹಾಸನದ ನರ್ಸ್:
ಇನ್ನೊಂದು ಮಾತು, ಇದು ಸ್ವಲ್ಪ ಭಯದ್ದು. ಶುಗರ್ 70ಕ್ಕಿಂತ ಕೆಳಗೆ ಬಂದರೆ ನಿಮ್ಮ ಆ್ಯಪ್ ಏನು ತೋರಿಸುತ್ತದೆ? 'ಶುಗರ್ ಕಡಿಮೆ ಇದೆ' ಅಂತಾನಾ? ನಮ್ಮ ರೋಗಿಗಳಿಗೆ ಕಡಿಮೆ ಅಂದರೆ ಖುಷಿ. 'ಕಡಿಮೆ ಆಗಿದೆ ಸಿಸ್ಟರ್' ಅಂತ ನಗುತ್ತಾ ಬಂದವರ ಕೈ ನಡುಗುತ್ತಿತ್ತು, ಮೈಯೆಲ್ಲಾ ಬೆವರು. ಅಲ್ಲಿ ಸಂಖ್ಯೆ ಬೇಡ, ಏನು ಮಾಡಬೇಕೋ ಅದನ್ನು ಹೇಳಿ: ಈಗಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ.

ಸಕಲೇಶಪುರದ ಹುಡುಗ:
ಅಯ್ಯೋ, 'ಕಡಿಮೆ' ಅಂತಲೇ ಹಾಕಿದ್ದೇನೆ, ಅದೂ ಹಸಿರು ಬಣ್ಣದಲ್ಲಿ. ಇವತ್ತೇ ತೆಗೆಯುತ್ತೇನೆ. ಆಶಾ ಅಕ್ಕಾ, ನಿಮ್ಮ ಜೊತೆ ಒಂದು ದಿನ ಮನೆಮನೆಗೆ ಬರಬಹುದಾ?

ಮೂಡಿಗೆರೆ ಆಶಾ:
ಬನ್ನಿ. ಸಂಜೆ 5ರ ಮೇಲೆ ಬನ್ನಿ, ಅದಕ್ಕೆ ಮುಂಚೆ ಎಲ್ಲರೂ ತೋಟದಲ್ಲಿರುತ್ತಾರೆ. ಇಂಬಳ ಜಾಸ್ತಿ, ಸ್ವಲ್ಪ ಸುಣ್ಣ ಇಟ್ಟುಕೊಳ್ಳಿ.