ಸಹಾಯ ಬೇಕು: ವ್ಯಾನ್ ಎಂಜಿನ್ ಬಿಸಿಯೇ ಆಗುತ್ತಿಲ್ಲ, ಮೈಲೇಜ್ ಬಿದ್ದುಹೋಗಿದೆ

ನಮಸ್ಕಾರ. ನನ್ನದು 2006ರ ಪೆಟ್ರೋಲ್ ವ್ಯಾನ್, ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್. ದಿನಾ ಬೆಳಿಗ್ಗೆ ಮಡಿಕೇರಿಯ ಚಳಿಯಲ್ಲಿ ತರಕಾರಿ ಸಾಗಿಸುತ್ತೇನೆ. ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದದ್ದು ಈಗ 9 ದಾಟುವುದಿಲ್ಲ. ಅರ್ಧ ಗಂಟೆ ಓಡಿಸಿದರೂ ಟೆಂಪರೇಚರ್ ಮುಳ್ಳು ಮೇಲೇಳುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಣ ಮಸಿ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಏರ್ ಫಿಲ್ಟರ್ ಹೊಸದು.

ನಿನ್ನೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದೇ ನಿಂತೆ. ಎರಡೇ ನಿಮಿಷಕ್ಕೆ ಉಗುರುಬೆಚ್ಚಗಾಯಿತು. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಮುಚ್ಚಿದ್ದರೆ ಅಷ್ಟು ಬೇಗ ಬೆಚ್ಚಗಾಗಬಾರದು ಅಲ್ವಾ? ಅದು ತೆರೆದೇ ಸಿಕ್ಕಿಕೊಂಡಿರಬೇಕು, ಇಲ್ಲವೇ ಹಿಂದಿನ ಮಾಲೀಕರು ಕಿತ್ತುಹಾಕಿಸಿರಬೇಕು. ಎಂಜಿನ್ ತಣ್ಣಗೇ ಇದೆ ಎಂದು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತಿದೆ ಅನಿಸುತ್ತದೆ. ಮೆಕ್ಯಾನಿಕ್ ಮಾತ್ರ ಸುಮ್ನೆ ಇಂಜೆಕ್ಟರ್ ಬದಲಿಸಿ ಅನ್ನುತ್ತಾರೆ. ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ.

ಥರ್ಮೋಸ್ಟಾಟ್ ಮೊದಲು ಬದಲಿಸಲಾ? ಕೂಲೆಂಟಿನ ಬಿಸಿ ಅಳೆದು ಇಸಿಎಂಗೆ ತಿಳಿಸುವ ಕೂಲೆಂಟ್ ಸೆನ್ಸರನ್ನು ಮಲ್ಟಿಮೀಟರ್‌ನಲ್ಲಿ ಮನೆಯಲ್ಲೇ ಪರೀಕ್ಷಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಈ ಗಾಡಿಯೇ ನಮ್ಮ ಮನೆ ನಡೆಸುವುದು.